ನಮ್ಮ ಮನೆಯ ಪಾಳಿಯ ದಿನ

ಮೊಯ್ದು ಮುಸ್ಲಿಯಾರರು ತೀರಿಹೋದರೆಂಬ ಸುದ್ದಿ ಬಂದಾಗ ನಾನು ಹಿತ್ತಲಿನ ಕಲ್ಲಿನ ಮೇಲೆ ಕೂತು ಬೂತಾಯಿ ಮೀನಿನ ತಲೆ ತೆಗೆಯುತ್ತಿದ್ದೆ. ಕಡಬ ಪೇಟೆಯಿಂದ ಬಂದ ನಮ್ಮ ಮನೆಯವರು ಚಪ್ಪಲಿ ಕೂಡ ಕಳಚದೆ ನೇರ ಹಿತ್ತಲಿಗೆ ಬಂದರು. "ನಮ್ಮ ಹಳೇ ಉಸ್ತಾದ್ ಹೋದ್ರಂತೆ. ಅರಂತೋಡಿನಲ್ಲಿ. ನಿನ್ನೆ ಸಂಜೆ" ಎಂದರು. ಸಾವಿನ ಸುದ್ದಿಗೆ ಹೇಳಬೇಕಾದ ಮಾತನ್ನು ಹೇಳಿದೆ. ಅವರು, "ಅಂಥವರನ್ನು ಇಟ್ಟುಕೊಳ್ಳುವ ಯೋಗ್ಯತೆ ಈ ಊರಿಗೆ ಇರ್ಲಿಲ್ಲ" ಎಂದು ಒಳಗೆ ಹೋದರು.

ಈ ಊರಿಗೆ — ಊರಿನ ಮೇಲೆ ಹಾಕಿದರೆ ಸುಲಭ. ಮುಸ್ಲಿಯಾರರನ್ನು ಹಸಿದ ಹೊಟ್ಟೆಯಲ್ಲಿ ಇಲ್ಲಿಂದ ಕಳಿಸಿದವಳು ನಾನು. ಮೊದಲು ಮುಚ್ಚಿದ ಬಾಗಿಲು ನನ್ನದು. ಅದನ್ನು ಇಷ್ಟು ವರ್ಷ ಮುಚ್ಚಿಟ್ಟೆ. ನನ್ನ ತಪ್ಪು ಇನ್ನೊಬ್ಬಳ ತಲೆಯ ಮೇಲೆ ಕೂತಾಗಲೂ ಮುಚ್ಚಿಟ್ಟೆ.

ನನಗೊಂದು ಅಭ್ಯಾಸ ಉಂಟು, ಹೆತ್ತ ಉಮ್ಮ ಕಲಿಸಿದ್ದು. ನಮಾಜು ಮುಗಿದ ಮೇಲೆ ತಸ್ಬೀಹ್ ಮಣಿ ಹಿಡಿದು ಆ ದಿನದ ಸಣ್ಣ ಸಣ್ಣ ದಯೆಗಳನ್ನು ನೆನೆಯುವುದು. ಬಾವಿಯಲ್ಲಿ ಇನ್ನೂ ನೀರು ಉಂಟು. ಸಣ್ಣವಳ ಕೆಮ್ಮು ಕಡಿಮೆಯಾಯಿತು. ಹೇಳದೆ ಬಂದ ನೆಂಟರಿಗೆ ಅನ್ನ ಸಾಕಾಯಿತು. ಹೀಗೆ ಎಣಿಸುತ್ತ ಹೋದರೆ ಮನಸ್ಸು ತಣ್ಣಗಾಗುತ್ತದೆ. ಆದರೆ ಎಣಿಸಬಾರದ ಒಂದು ಮಣಿಯನ್ನು ಬೆರಳಿನಿಂದ ದಾಟಿಸಿ ಮುಂದೆ ಹೋಗಲಿಕ್ಕೂ ಅದೇ ಅಭ್ಯಾಸ ನನಗೆ ಕಲಿಸಿತು — ಇದನ್ನು ಉಮ್ಮ ಕಲಿಸಿದ್ದಲ್ಲ.

ನಮ್ಮದು ಕಡಬದಿಂದ ಕೋಡಿಂಬಾಳಕ್ಕೆ ಹೋಗುವ ಕಡೆಯ ಒಂದು ಸಣ್ಣ ಮೊಹಲ್ಲಾ. ಒಂದು ಪಳ್ಳಿ, ಅಂದರೆ ಮಸೀದಿ; ಅದರ ಸುತ್ತ ನಮ್ಮ ಬ್ಯಾರಿಗಳ ಮನೆಗಳು. ಪಳ್ಳಿಯಲ್ಲಿ ನಮಾಜು ಮಾಡಿಸುವ ಖತೀಬರಾಗಿ ಬಂದ ಮೊಯ್ದು ಮುಸ್ಲಿಯಾರರು ಕಾಸರಗೋಡಿನ ಆಚೆಯವರು. ಹೆಂಡತಿ ಮಕ್ಕಳು ಅಲ್ಲಿ, ಇವರು ಪಳ್ಳಿಯ ಬದಿಯ ಕೋಣೆಯಲ್ಲಿ. ಆ ಕೋಣೆಯಲ್ಲಿ ಒಲೆ ಇರಲಿಲ್ಲ, ಇರುವ ರೂಢಿಯೂ ಇಲ್ಲ. ಉಸ್ತಾದರ ಊಟ ಮೊಹಲ್ಲಾದ ಮನೆಗಳ ಮೇಲೆ. ಇಂದು ಒಂದು ಮನೆ, ನಾಳೆ ಅದರ ಪಕ್ಕದ ಮನೆ, ಹೀಗೆ ಪಾಳಿ. ಪಾಳಿಯ ದಿನ ಬಡವರ ಮನೆಯಲ್ಲಿಯೂ ಒಂದು ಮೊಟ್ಟೆಯಾದರೂ ಬೇಯುತ್ತಿತ್ತು. ಪಳ್ಳಿಯ ಒಳಗೆ ಹೆಂಗಸರಿಗೆ ಜಾಗವೂ ಇಲ್ಲ, ಮಾತೂ ಇಲ್ಲ; ಉಸ್ತಾದರ ಊಟ ಮಾತ್ರ ಪೂರ್ತಿ ನಮ್ಮ ಕೈಯಲ್ಲಿತ್ತು. ಅದು ಎಷ್ಟು ದೊಡ್ಡ ಅಧಿಕಾರ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಹೊಳೆದದ್ದು ಬೇರೆಯವರಿಗೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಕಡೆಯ ಕೆಲವರು ಗಲ್ಫಿಗೆ ಹೋಗಿ ಬರತೊಡಗಿದ್ದರು. ಅವರಲ್ಲೊಬ್ಬರು ಪಳ್ಳಿಗೆ ಮೈಕ ಕೊಟ್ಟರು. ಬಾಂಕು, ನಮಾಜಿನ ಕರೆ, ಮೊದಲ ಸಲ ಮೈಕದಲ್ಲಿ ಕೇಳಿದ ದಿನ ನಾನು ಅತ್ತಿದ್ದೆ, ಸಂತೋಷಕ್ಕೆ. ಆದರೆ ರಸ್ತೆಯ ಆಚೆ ಭಜನಾ ಮಂದಿರ ಉಂಟು. ಸ್ವಲ್ಪ ಸಮಯದಲ್ಲೇ ಅವರೂ ಮೈಕ ತಂದರು. ಎರಡು ಮೈಕದ ಕೊಂಬುಗಳೂ ಎದುರುಬದುರು. ಮಗ್ರಿಬಿನ ಬಾಂಕು ಮತ್ತು ಸಂಜೆಯ ಭಜನೆ ಒಂದೇ ಹೊತ್ತಿಗೆ. ಇವರು ಸ್ವರ ಏರಿಸುವುದು, ಅವರು ತಾಳ ಜೋರು ಮಾಡುವುದು. ಎರಡೂ ಕಡೆಯ ಹುಡುಗರು ರಸ್ತೆಯ ಬದಿಯಲ್ಲಿ ಗುಂಪು ಗುಂಪಾಗಿ ನಿಲ್ಲತೊಡಗಿದರು.

ಒಂದು ದಿನ ಮುಸ್ಲಿಯಾರರು ಯಾರನ್ನೂ ಕೇಳದೆ ಮಂದಿರದ ಹಿರಿಯರಾದ ಸಂಕಪ್ಪ ರೈಗಳ ಮನೆಗೆ ನಡೆದುಕೊಂಡು ಹೋದರು. ನಮ್ಮ ಮನೆಯವರು ಜೊತೆಗಿದ್ದರು. ಹಿಂದೆ ಬಂದು ನಗುತ್ತ ಹೇಳಿದ್ದು ನನಗೆ ಇನ್ನೂ ನೆನಪು. ಉಸ್ತಾದರು, "ರೈಗಳೇ, ನಮ್ಮನ್ನೆಲ್ಲ ಪಡೆದ ದೇವರ ಕಿವಿ ದೊಡ್ಡದು. ನಮ್ಮ ನಿಮ್ಮ ಕಿವಿ ಮಾತ್ರ ಸಣ್ಣದು, ಹರಿದುಹೋದೀತು" ಎಂದರಂತೆ. ರೈಗಳು, "ನಮ್ಮ ಹುಡುಗರ ತಾಳಕ್ಕೆ ನನ್ನ ಎಮ್ಮೆ ಸಂಜೆ ಹಾಲು ಕೊಡುದಿಲ್ಲ ಮಾರಾಯ್ರೆ, ಬನ್ನಿ ಕೂತ್ಕೊಳ್ಳಿ" ಎಂದರಂತೆ. ಅಲ್ಲಿಯೇ ಮಾತಾಯಿತು. ಬಾಂಕು ಮುಗಿಯುವವರೆಗೆ ಮಂದಿರದವರು ಮೈಕ ಹಾಕುವುದಿಲ್ಲ. ಪಳ್ಳಿಯ ಕೊಂಬು ರಸ್ತೆಯ ಕಡೆಯಿಂದ ಹೊಳೆಯ ಕಡೆಗೆ ತಿರುಗುತ್ತದೆ. ಮರುದಿನ ಉಸ್ತಾದರು ತಾವೇ ಏಣಿ ಹತ್ತಿ ಕೊಂಬನ್ನು ತಿರುಗಿಸಿದರು. ಆ ಸಂಜೆ ಊರು ಎಷ್ಟು ನಿಶ್ಶಬ್ದವಾಗಿತ್ತೆಂದರೆ ಹಟ್ಟಿಯ ಆಡು ಮೆಲುಕು ಹಾಕುವುದು ಕೇಳುತ್ತಿತ್ತು. ಅದನ್ನು ನಾನು ಆ ದಿನದ ದಯೆಗಳಲ್ಲಿ ಎಣಿಸಿದ್ದೆ. ಎಣಿಸಿದವಳೇ —

ಮಂದಿರದ ಹುಡುಗರಿಗೆ ರೈಗಳ ಮೇಲೆ ಸಿಟ್ಟು ಬಂತು, "ಬ್ಯಾರಿಗಳಿಗೆ ಹೆದರಿದ ಮುದುಕ" ಎಂದರಂತೆ. ನಮ್ಮ ಹುಡುಗರಿಗೆ ಉಸ್ತಾದರ ಮೇಲೆ. ಅದೇ ಸಮಯಕ್ಕೆ ಹೊರಗಿನಿಂದ ಒಬ್ಬರು ಮತಪ್ರಸಂಗಕ್ಕೆ ಬಂದರು. ಹೆಂಗಸರಿಗೆ ಪಳ್ಳಿಯ ಹಿಂದೆ ಸೀರೆ ಕಟ್ಟಿ ಜಾಗ ಮಾಡಿದ್ದರು. ಪ್ರಸಂಗಕ್ಕೆ ಬಂದವರು ದೂರದ ಊರುಗಳ ಗಲಭೆಯನ್ನು, ಸುಟ್ಟ ಮನೆಗಳನ್ನು, ಮಕ್ಕಳನ್ನು ಕಳಕೊಂಡ ತಾಯಂದಿರನ್ನು ವರ್ಣಿಸಿದರು. ಸುಳ್ಳು ಎಂದು ಹೇಳಲಾರೆ, ಪೇಪರಿನಲ್ಲಿಯೂ ಬರುತ್ತಿತ್ತು. ನಾವೆಲ್ಲ ಅತ್ತೆವು. ಅತ್ತು ಅತ್ತು ಮೆತ್ತಗಾದ ಮೇಲೆ ಅವರು ಕೇಳಿದರು: "ದೇವರ ಕರೆಯನ್ನು ಹೊಳೆಗೆ ತಿರುಗಿಸಿದವನ ಹಿಂದೆ ನಿಂತು ಮಾಡಿದ ನಮಾಜು ಎಲ್ಲಿಗೆ ಹೋಗುತ್ತದೆ?"

ಆ ಪ್ರಶ್ನೆ ನನ್ನೊಳಗೆ ಮುಳ್ಳಿನ ಹಾಗೆ ಕೂತಿತು. ಮುಸ್ಲಿಯಾರರು ನನ್ನ ಸಣ್ಣವಳ ಜ್ವರಕ್ಕೆ ಮಂತ್ರಿಸಿದ ನೀರು ಕೊಟ್ಟವರು, ನನ್ನ ಉಮ್ಮನ ಮಯ್ಯತ್ತಿಗೆ ನಮಾಜು ಮಾಡಿಸಿದವರು. ಅಂಥವರನ್ನು ಒಂದು ಮಾತು, ಗಟ್ಟಿ ಸ್ವರದ ಒಂದೇ ಮಾತು — ಅಷ್ಟು ಬೇಗ ನನ್ನ ಮನಸ್ಸು ತಿರುಗಿತಲ್ಲ.

ನನ್ನ ತಮ್ಮ ಇಬ್ರಾಯಿ ಪುತ್ತೂರಿನಲ್ಲಿ ಟೈಲರ್ ಆಗಿದ್ದ. ಒಳ್ಳೆಯ ಕೈ. ಮದುಮಗನ ಅಂಗಿ ಹೊಲಿಸಲಿಕ್ಕೆ ಸುಳ್ಯದಿಂದಲೂ ಅವನಲ್ಲಿಗೆ ಬರುತ್ತಿದ್ದರು. ಪ್ರಸಂಗ ಕೇಳಲು ಬಂದವನು ಕೆಲಸಕ್ಕೆ ಹಿಂದೆ ಹೋಗದೆ ನಮ್ಮ ಮನೆಯಲ್ಲಿ ಉಳಿದ. ಪಳ್ಳಿಯ ಹಿರಿಯರು ಉಸ್ತಾದರನ್ನು ತೆಗೆಯಲು ಒಪ್ಪಿರಲಿಲ್ಲ. ಹುಡುಗರು ಬೇರೆ ದಾರಿ ಹುಡುಕಿದರು.

"ಅಕ್ಕ, ನಾಳೆ ಪಾಳಿ ನಿಮ್ಮದಲ್ವಾ?" ಎಂದ.

"ಹೌದು. ತುಪ್ಪ ಹಾಕಿ ನೈಚೋರು ಮಾಡುವ ಅಂತ."

"ಮಾಡು. ಆದ್ರೆ ಅವರಿಗೆ ಬಡಿಸ್ಬೇಡ."

ನಾನು ನಕ್ಕೆ. ಅವನು ನಗಲಿಲ್ಲ. "ಹಿರಿಯರು ಕಮಿಟಿಯಲ್ಲಿ ಎಂತ ಬೇಕಾದ್ರೂ ಹೇಳ್ಲಿ. ಊಟ ಕೊಡುದು ನೀವಲ್ವಾ? ನಿನ್ನ ಮನೆ ಬಾಗಿಲು ಹಾಕಿದ್ರೆ ಉಳಿದವರು ತೆರೆಯುದಿಲ್ಲ. ಇಲ್ಲಿಯ ಹೆಂಗಸರೆಲ್ಲ ನೋಡುದು ನಿನ್ನನ್ನು."

ನಮ್ಮ ಮನೆಯವರು ಒಣಮೀನು ತರಲು ಮಂಗಳೂರಿಗೆ ಹೋಗಿದ್ದರು. ಅವರಿದ್ದರೆ ಇಬ್ರಾಯಿ ಆ ಮಾತು ಎತ್ತುತ್ತಿರಲಿಲ್ಲ. ಆದರೆ ಅವರಿಲ್ಲದ್ದು ಕಾರಣವಲ್ಲ, ತಮ್ಮನೂ ಕಾರಣವಲ್ಲ. ನನ್ನ ಕೈಯನ್ನು ಯಾರೂ ಹಿಡಿದಿರಲಿಲ್ಲ. ನಿಜ ಹೇಳುತ್ತೇನೆ — ಹೆಂಗಸರೆಲ್ಲ ನೋಡುವುದು ನಿನ್ನನ್ನು ಎಂದನಲ್ಲ, ಆ ಮಾತು ನನಗೆ ಹಿತವಾಯಿತು. ಮದುವೆಯಾಗಿ ಬಂದ ಮೇಲೆ ಈ ಊರಿನ ಯಾವ ವಿಷಯಕ್ಕೂ ನನ್ನನ್ನು ಯಾರೂ ಕೇಳಿದ್ದಿಲ್ಲ. ಮೊದಲ ಸಲ ನನ್ನ ಕೈಯಲ್ಲಿ ಊರಿನ ಒಂದು ತೀರ್ಮಾನ ಉಂಟು ಎಂದು ಅನಿಸಿತು. ನಮ್ಮ ದೀನ್ ಧರ್ಮದ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಬಹಳ ಕಾಲ ನನ್ನನ್ನು ನಂಬಿಸಿಕೊಂಡೆ. ಪ್ರೀತಿಯೂ ಇತ್ತೇನೋ. ಅದರ ಅಡಿಯಲ್ಲಿ ಇದ್ದದ್ದು ಜಂಬ.

ಮರುದಿನ ಮಧ್ಯಾಹ್ನ ಮುಸ್ಲಿಯಾರರು ಬಂದು ಜಗಲಿಯ ತುದಿಯಲ್ಲಿ ಕೊಡೆ ಒರಗಿಸಿ ಕೆಮ್ಮಿದರು. ಗಂಡಸರಿಲ್ಲದ ದಿನ ಚಾಪೆಯ ಮೇಲೆ ಊಟ ಇಟ್ಟು ನಾನು ಒಳಗೆ ಸರಿಯುವುದು ರೂಢಿ. ಆ ದಿನ ಚಾಪೆ ಹಾಸಿರಲಿಲ್ಲ. ತುಪ್ಪದಲ್ಲಿ ಹುರಿದ ಈರುಳ್ಳಿಯ ಪರಿಮಳ ಅಂಗಳದವರೆಗೂ ಹೋಗಿತ್ತು — ಅನ್ನ ಆಗಲೇ ಇಳಿಸಿ ಆಗಿತ್ತು. ಅಡಿಗೆಮನೆಯಲ್ಲಿ ಇಬ್ರಾಯಿ ಗೋಡೆಗೆ ಒರಗಿ ನಿಂತಿದ್ದ.

ನಾನು ಬಾಗಿಲಿನ ಹಿಂದಿನಿಂದ ಹೇಳಿದೆ, "ಇವತ್ತು ಒಲೆ ಹಚ್ಚಲಿಲ್ಲ ಉಸ್ತಾದ್."

ಬಾಗಿಲಿನ ಸಂದಿನಲ್ಲಿ ಅವರ ಪಾದ ಮಾತ್ರ ನನಗೆ ಕಾಣುತ್ತಿತ್ತು. ಒಡೆದ ಹಿಮ್ಮಡಿ, ನಡೆದು ಬಂದ ಕೆಂಪು ಧೂಳು. ಆ ಪರಿಮಳ ಅವರಿಗೆ ಬಾರದೆ ಇರಲು ಸಾಧ್ಯವೇ ಇಲ್ಲ.

"ಆಗ್ಲಿ ಮೋಳೆ" ಎಂದರು. ಮೋಳೆ ಎಂದರೆ ಮಗಳೇ. "ಸೌಖ್ಯ ಇಲ್ವಾ? ಸ್ವಲ್ಪ ಮಲಗು. ಈ ಮನೆಗೆ ಪಡೆದವನು ಬರ್ಕತ್ ಕೊಡ್ಲಿ." ಮತ್ತೆ ನಿಧಾನವಾಗಿ ದುವಾ ಹೇಳಿದರು — ಉಂಡವರು ಮನೆಯವರಿಗಾಗಿ ಹೇಳುವ ದುವಾ. ಉಣ್ಣದೆ ಹೇಳಿದರು. ಕೊಡೆ ತೆಗೆದುಕೊಂಡು ಇಳಿದು ಹೋದರು.

ಇಬ್ರಾಯಿ ಹೊಟ್ಟೆ ತುಂಬ ಉಂಡ. ನಾನೂ ಉಂಡೆ. ಉಣ್ಣಲಿಕ್ಕೆ ಆಗಲಿಲ್ಲ ಎಂದು ಬರೆದರೆ ನಿಮಗೆ ನನ್ನ ಮೇಲೆ ಸ್ವಲ್ಪ ಕನಿಕರ ಬಂದೀತು, ಆದರೆ ಅದು ಸುಳ್ಳು.

ಮರುದಿನದ ಪಾಳಿ ನಮ್ಮ ಪಕ್ಕದ ಬೀಪಾತುಮ್ಮಳದ್ದು. ಗಂಡ ಇಲ್ಲದವಳು, ಬೀಡಿ ಕಟ್ಟಿ ಒಬ್ಬ ಮಗಳನ್ನು ಸಾಕುತ್ತಿದ್ದವಳು. ಅವಳು ಅನ್ನ ಮಾಡಿ ಕಾದಳು. ಮುಸ್ಲಿಯಾರರು ಹೋಗಲಿಲ್ಲ. ನನ್ನ ಬಾಗಿಲಲ್ಲಿ ನಿಂತಾಗಲೇ ಅವರಿಗೆ ಎಲ್ಲ ಅರ್ಥವಾಗಿರಬೇಕು. ಬೀಪಾತುಮ್ಮ ಬಡಿಸಿದರೆ ಹುಡುಗರು ಅವಳ ಮೇಲೆ ತಿರುಗಿಬೀಳುತ್ತಾರೆ ಎಂದು ಅವಳನ್ನು ಉಳಿಸಿದರು. ಕೇಳಿದವರಿಗೆಲ್ಲ, "ನಾನು ನೋಂಬು ಹಿಡಿದಿದ್ದೇನೆ" ಎಂದರಂತೆ. ನೋಡಿ — ಊರು ಉಪವಾಸ ಹಾಕಿದ್ದನ್ನು ಅವರು ದೇವರ ಉಪವಾಸ ಮಾಡಿಕೊಂಡು ನಮ್ಮ ಮಾನ ಮುಚ್ಚಿದರು. ಸಂಜೆ ನೋಂಬು ಬಿಡಲು ಒಂದು ಮನೆಯಿಂದಲೂ ಕರೆ ಹೋಗಲಿಲ್ಲ. ನಾನು ಕರೆಯದ್ದನ್ನು ನೋಡಿದವರು ತಮ್ಮ ಮನೆಯ ಬಾಗಿಲನ್ನೂ ಹಾಕಿಕೊಂಡರು. ತಮ್ಮ ಹೇಳಿದ್ದು ಸರಿಯಾಗಿತ್ತು. ಸುದ್ದಿ ಹೇಗೋ ಕೇಳಿದ ರೈಗಳು ಒಂದು ಗೊನೆ ಬಾಳೆಹಣ್ಣು ಕಳಿಸಿಕೊಟ್ಟರಂತೆ. "ನೋಡಿದ್ರಾ, ಇವರಿಗೆ ಅನ್ನ ಎಲ್ಲಿಂದ ಬರುದು ಅಂತ" ಎಂದು ಹುಡುಗರು ಅದನ್ನು ಪಳ್ಳಿಯ ಮೆಟ್ಟಿಲಿನಲ್ಲೇ ಕೊಳೆಯಲು ಬಿಟ್ಟರು. ಆ ವಾರ ಮುಗಿಯುವ ಮೊದಲು ಮುಸ್ಲಿಯಾರರು ಬೆಳಗಿನ ನಮಾಜು ಮಾಡಿಸಿ, ಒಂದು ಟ್ರಂಕು ಹಿಡಿದು ಮೊದಲ ಬಸ್ಸಿಗೆ ಹೋದರು. ಯಾರ ಮೇಲೂ ದೂರು ಹೇಳಲಿಲ್ಲ. ಆಮೇಲೆ ಅರಂತೋಡಿನ ಪಳ್ಳಿಯಲ್ಲಿ ನಿಂತರಂತೆ.

ನಮ್ಮ ಮನೆಯವರು ಮಂಗಳೂರಿನಿಂದ ಬಂದು ಕೇಳಿದರು, "ಎಂತ ಆಯ್ತು? ಉಸ್ತಾದ್ ಯಾಕೆ ಹೋದದ್ದು?" ನಾನು ಅನ್ನ ಬಡಿಸುತ್ತಿದ್ದೆ. "ಗೊತ್ತಿಲ್ಲ" ಎಂದೆ.

ಬೇರೊಬ್ಬ ಖತೀಬರು ಬಂದರು. ಚಿಕ್ಕ ಪ್ರಾಯ, ಒಳ್ಳೆಯ ಸ್ವರ, ಬೆಂಕಿಯಂಥ ಮಾತು. ಕೊಂಬು ಪುನಃ ರಸ್ತೆಗೆ ತಿರುಗಿತು. ಮಂದಿರದವರು ಇನ್ನೊಂದು ಕೊಂಬು ತಂದರು. ರೈಗಳು ಮಾತಾಡಲು ಹೇಳಿಕಳಿಸಿದಾಗ ಈ ಖತೀಬರು ಹೋಗಲಿಲ್ಲ. ಹುಡುಗರು ಅದನ್ನು ಗೆದ್ದ ಹಾಗೆ ಹೇಳಿಕೊಂಡು ತಿರುಗಿದರು. ಆಮೇಲೆ ರೈಗಳನ್ನೂ ಅವರ ಕಡೆಯವರು ಕೇಳುವುದು ಬಿಟ್ಟರು. ಎರಡೂ ಕಡೆ ಮಾತಾಡುವವರು ಇಲ್ಲದೆ ಹೋದದ್ದು ಹೀಗೆ.

ಮುಂದಿನ ವರ್ಷ ನೋಂಬಿನ ತಿಂಗಳಿನಲ್ಲಿ, ಮಗ್ರಿಬಿನ ಹೊತ್ತಿಗೆ, ಕಲ್ಲು ಬಿತ್ತು. ಮೊದಲ ಕಲ್ಲು ಯಾರದ್ದು ಎಂದು ನಾನು ಹೇಳಲಾರೆ. ಎರಡನೆಯದು ನನ್ನ ತಮ್ಮನದ್ದು. ಮಂದಿರದ ಕಡೆಯ ಒಬ್ಬ ಹುಡುಗನ ತಲೆ ಒಡೆಯಿತು. ಅವನು ಬದುಕಿದ, ಅಲ್‌ಹಂದುಲಿಲ್ಲಾ. ಅದೇ ಸಂಜೆ ಕಡಬ ಪೇಟೆಯಲ್ಲಿ ನಮ್ಮ ಮನೆಯವರ ಒಣಮೀನಿನ ಅಂಗಡಿಗೆ ಬೆಂಕಿ ಬಿತ್ತು. ಅವರು ಆಗ ಒಳಗಿರಲಿಲ್ಲ, ಅದನ್ನೂ ಎಣಿಸುತ್ತೇನೆ. ಆ ಮೇಲೆ ಬಹಳ ಸಮಯ ಮಳೆಗಾಲಕ್ಕೆ ಒಣಮೀನು ಕೊಳ್ಳುವ ತುಳುವರ ಮನೆಗಳವರು ನಮ್ಮವರನ್ನು ನೋಡಿದರೂ ನೋಡದ ಹಾಗೆ ಹೋದರು. ನಮ್ಮ ಮಕ್ಕಳು ಶಾಲೆಯಲ್ಲಿ ಕೊನೆಯ ಬೆಂಚಿಗೆ ಸರಿದರು, ಯಾರೂ ಸರಿಸದೆ. ಇಬ್ರಾಯಿಯನ್ನು ಪೊಲೀಸರು ಹಿಡಿದುಕೊಂಡು ಹೋದರು. ಬಿಟ್ಟು ಕಳಿಸಿದಾಗ ಅವನ ಬಲಗೈಯ ಮೊಣಗಂಟು ಮಡಚುತ್ತಿರಲಿಲ್ಲ. ಕತ್ತರಿ ಹಿಡಿಯುವ ಕೈ. ಈಗಲೂ ಅವನು ಎಡಗೈಯಲ್ಲಿ ಉಣ್ಣಬಾರದೆಂದು ಬಲಗೈಯನ್ನು ಚಾಚಿ ಬಟ್ಟಲಿನ ಮೇಲೆ ಬಾಗಿ, ಬಾಯಿಯನ್ನೇ ಕೈಯ ಹತ್ತಿರ ತಂದು ಉಣ್ಣುತ್ತಾನೆ. ನಾನು ಎದುರು ಕೂತು ನೋಡುತ್ತೇನೆ.

ಬೆಂಕಿಯ ಮಾತು ಆಡಿದ ಖತೀಬರು ಆ ಸಂಜೆ ಊರಿನಲ್ಲಿರಲಿಲ್ಲ. ಮತಪ್ರಸಂಗಕ್ಕೆ ಬಂದವರಂತೂ ಮತ್ತೆ ಈ ಕಡೆ ಮುಖ ಹಾಕಲಿಲ್ಲ. ಮುಸ್ಲಿಯಾರರನ್ನು ನಾವು ಮೆತ್ತಗಿನವರು ಎಂದು ಹೀಯಾಳಿಸಿದ್ದೆವು. ಗುಂಪಿನ ಮುಂದೆ ನಿಂತು ಕೂಗಲು ಏನು ಬೇಕು? ನಮ್ಮವರಿಂದ ಬೈಸಿಕೊಂಡು ಆಚೆಯವರ ಅಂಗಳಕ್ಕೆ ನಡೆದುಹೋಗಿ ಕೂತುಕೊಳ್ಳಲು ಎದೆ ಬೇಕು. ನಾವು ಕಡಿಮೆ ಜನ. ನಾಳೆ ಬೆಳಿಗ್ಗೆ ಇದೇ ರಸ್ತೆಯಲ್ಲಿ ಹೋಗಬೇಕಾದವರು. ನಮಗೆ ಬೇಕಾದದ್ದು ಅಂಥ ಒಬ್ಬರು. ಇದ್ದರು. ನಾನು —

ಇನ್ನೊಂದು ತಪ್ಪು ಉಂಟು. ಒಂದು ಲೆಕ್ಕದಲ್ಲಿ ಮೊದಲಿನದಕ್ಕಿಂತ ದೊಡ್ಡದು.

ಅಂಗಡಿ ಸುಟ್ಟು, ಹುಡುಗರು ಜೈಲು ಕಂಡು ಬಂದ ಮೇಲೆ ಎಲ್ಲರಿಗೂ ಹಳೆಯ ಉಸ್ತಾದರು ನೆನಪಾದರು. ಅವರನ್ನು ಕಳಿಸಿದ್ದು ಯಾರು ಎಂಬ ಮಾತು ಎದ್ದಿತು. ಒಂದು ಮದುವೆಯ ಮೈಲಾಂಜಿಯ ದಿನ, ಮದುಮಗಳ ಕೈಗೆ ಮದರಂಗಿ ಹಚ್ಚುತ್ತ ಕೂತಿದ್ದಾಗ, ಒಬ್ಬಳು ಹೇಳಿದಳು: "ಮೊದಲು ಅನ್ನ ನಿಲ್ಲಿಸಿದ್ದು ಬೀಪಾತುಮ್ಮ ಅಲ್ವಾ? ಅವಳ ಮನೆಯ ಪಾಳಿಯ ದಿನವೇ ಅಲ್ವಾ ಉಸ್ತಾದ್ ನೋಂಬು ಅಂತ ಹೇಳಿದ್ದು?" ಹೌದು ಹೌದು ಎಂದರು. ನನ್ನ ಮನೆಯ ದಿನ ಅನ್ನ ಇದ್ದೂ ಉಸ್ತಾದರನ್ನು ಕಳಿಸಿದೆ ಎಂದು ಆ ಹೆಂಗಸರು ಯಾರಿಗೂ ಗೊತ್ತಿರಲಿಲ್ಲ. ನನಗೆ ಸೌಖ್ಯವಿಲ್ಲದೆ ಅಂದು ಬಾಗಿಲು ಹಾಕಿದ್ದೆ ಎಂದು ಅವರು ತಿಳಿದಿದ್ದರು. ಉಸ್ತಾದರೇ ಹಾಗೆ ಹೇಳಿದ್ದರಂತೆ. ಅಲ್ಲಿಯೂ ನನ್ನನ್ನು ಮುಚ್ಚಿದ್ದರು.

ಬೀಪಾತುಮ್ಮ ಮೂಲೆಯಲ್ಲಿ ಕೂತಿದ್ದಳು. "ನಾನು ಅನ್ನ ಮಾಡಿ ಕಾದಿದ್ದೆ" ಎಂದಳು. ಯಾರೋ, "ಕಾದದ್ದು ರೈಗಳ ಬಾಳೆಹಣ್ಣನ್ನಾ?" ಎಂದು ನಗಾಡಿದರು. ಬೀಪಾತುಮ್ಮ ನನ್ನ ಕಡೆ ನೋಡಿದಳು, ಪಕ್ಕದ ಮನೆಯವಳು ಹೇಳಿಯಾಳು ಎಂದು. ನಾನು ಮದುಮಗಳ ಬೆರಳು ಬಗ್ಗಿಸಿ ಮದರಂಗಿಯ ಚುಕ್ಕಿ ಇಡುತ್ತಿದ್ದೆ. ಮುಂದಿನ ಬೆರಳು ಹಿಡಿದೆ.

ಅಂದಿನಿಂದ ಅವಳನ್ನು ಮದುವೆ ಮೌಲೂದುಗಳಿಗೆ ಕರೆಯುವುದು ನಿಂತಿತು. ನಾನು ಆಗಾಗ ಅವಳಿಗೆ ಮೀನು ಕೊಡುತ್ತಿದ್ದೆ, ಹಬ್ಬಕ್ಕೆ ಅವಳ ಮಗಳಿಗೆ ಬಟ್ಟೆ. ಅದನ್ನೂ ನನ್ನ ಪುಣ್ಯದ ಲೆಕ್ಕಕ್ಕೆ ಹಾಕಿಕೊಂಡೆ.

ಸುದ್ದಿ ಬಂದ ದಿನ ಮೀನು ಹಾಗೆಯೇ ಮುಚ್ಚಿಟ್ಟು ಕೈ ತೊಳೆದು ಅವಳ ಮನೆಗೆ ಹೋದೆ. ಅವಳು ಬಾಗಿಲ ಬದಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು.

"ಉಸ್ತಾದ್ ಹೋದ್ರು" ಎಂದೆ.

"ಕೇಳಿದೆ. ಅಲ್ಲಿಯ ಗೌಡರು ಅಂಗಡಿಗಳ ಬಾಗಿಲು ಹಾಕಿ ಮಯ್ಯತ್ ಹೋಗುವವರೆಗೆ ರಸ್ತೆಯಲ್ಲಿ ನಿಂತಿದ್ರಂತೆ."

"ಬೀಪಾತುಮ್ಮಾ, ಮೊದಲು ಅನ್ನ ಕೊಡದೆ ಕಳಿಸಿದ್ದು ನಾನು. ನಿನ್ನ ಪಾಳಿಯ ಹಿಂದಿನ ದಿನ. ನೈಚೋರು ಮಾಡಿ ಇಟ್ಟು, ಒಲೆ ಹಚ್ಚಲಿಲ್ಲ ಅಂತ ಹೇಳಿದೆ."

ಅವಳು ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ, ತುಂಡರಿಸಿ, ಮೊರದಲ್ಲಿ ಇಟ್ಟಳು. "ನನ್ನ ಮಗಳ ಮದುವೆಗೆ ಈ ಮೊಹಲ್ಲಾದ ಹೆಂಗಸರು ಒಬ್ಬರೂ ಬರ್ಲಿಲ್ಲ" ಎಂದಳು. "ನೀನು ಬಂದಿದ್ದಿ. ದೊಡ್ಡ ಉಪಕಾರ ಮಾಡಿದವಳ ಹಾಗೆ ಮುಂದೆ ಕೂತಿದ್ದಿ. ನಾನು ನಿನ್ನ ಕೈ ಹಿಡಿದು ಅತ್ತಿದ್ದೆ. ನೆನಪುಂಟಾ?"

"ಉಂಟು."

"ಆಗ ಹೇಳ್ಬಹುದಿತ್ತು."

"ನನ್ನನ್ನು ಮಾಫ್ ಮಾಡು" ಎಂದೆ.

"ಅದು ನಾವಿಬ್ರೇ ಕೂತು ಮುಗಿಸುದಲ್ಲ. ಯಾರೆಲ್ಲ ನನ್ನನ್ನು ಹೇಳಿದ್ರೋ ಅವರ ಎದುರು ಹೇಳು. ಮತ್ತೆ ನಾನು ನೋಡ್ತೇನೆ, ನನ್ನಿಂದ ಆಗ್ತದಾ ಇಲ್ವಾ ಅಂತ." ಮತ್ತೊಂದು ಎಲೆ ತೆಗೆದುಕೊಂಡಳು. ನನ್ನನ್ನು ಕೂತುಕೊಳ್ಳು ಎನ್ನಲಿಲ್ಲ.

ಮನೆಯವರಿಗೂ ಅಂದೇ ಹೇಳಿದೆ. ಅವರು, "ಅಂಗಡಿ ಸುಟ್ಟ ದಿನ ನೀನು ನನ್ನ ಎದುರು ಕೂತು ಎಲ್ಲರಿಗೂ ಶಾಪ ಹಾಕಿದ್ದಿ" ಎಂದಷ್ಟೇ ಹೇಳಿ ಜಗಲಿಗೆ ಹೋದರು. ಈಗಲೂ ಊಟಕ್ಕೆ ಬನ್ನಿ ಎಂದರೆ ಬರುತ್ತಾರೆ. ನೀರು ಬೇಕಾದರೆ ಮಗಳನ್ನು ಕರೆಯುತ್ತಾರೆ. ಅವರು ಪಳ್ಳಿಯ ಕಮಿಟಿಯಲ್ಲಿದ್ದಾರೆ, ಹೊಸ ಖತೀಬರನ್ನು ಹುಡುಕುತ್ತಿದ್ದಾರೆ. ಸ್ವರ ನೋಡಬೇಡಿ, ಗಲಾಟೆಯ ದಿನ ರಸ್ತೆ ದಾಟುವವರನ್ನು ನೋಡಿ ಎಂದು ಹೇಳಬೇಕೆಂದಿದ್ದೇನೆ. ಹೇಳುವ ಹಕ್ಕು ನನಗೆ ಉಂಟೋ ಇಲ್ಲವೋ. ಹಕ್ಕಿಲ್ಲದಿದ್ದರೂ ಹೇಳುತ್ತೇನೆ.

ಮುಸ್ಲಿಯಾರರ ಹೆಸರಿನಲ್ಲಿ ಕುರ್‌ಆನ್ ಓದಲಿಕ್ಕೆ ನಾಳೆ ಮೊಹಲ್ಲಾದ ಹೆಂಗಸರನ್ನೆಲ್ಲ ನಮ್ಮ ಮನೆಗೆ ಕರೆದಿದ್ದೇನೆ. ಮನೆ ಮನೆಗೆ ನಾನೇ ಹೋಗಿ ಕರೆದೆ. ಬೀಪಾತುಮ್ಮಳನ್ನೂ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಓದಿ ಮುಗಿದ ಮೇಲೆ, ಚಹಾ ಕೊಡುವ ಮೊದಲು ಹೇಳುತ್ತೇನೆ. ಚಹಾ ಕುಡಿದ ಮೇಲೆ ಹೇಳಿದರೆ ನನ್ನ ಮನೆಯ ಋಣಕ್ಕೆ ಬಿದ್ದು ಸುಮ್ಮನಿದ್ದಾರು. ಮೊದಲೇ ಹೇಳಿದರೆ ಎದ್ದು ಹೋಗುವವರು ಎದ್ದು ಹೋಗಬಹುದು.

ಪತ್ತಿರಿ ರೊಟ್ಟಿಗೆ ಹಾಕಿದ ಅಕ್ಕಿ ನೆನೆದಿದೆ. ಅರೆಯುವ ಕಲ್ಲಿಗೆ ಇರುವೆ ಹತ್ತಿದೆ, ಮೊದಲು ಅದನ್ನು ತೊಳೆಯಬೇಕು.